ಡ್ಯೂಕ್‌ನ ಪ್ರೇಮಕಥೆ ಎಲ್ಲಿ ಕೈಕೊಟ್ಟಿತು

ರೀಜೆನ್ಸಿ ಪ್ರೇಮಕಥೆ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಇಸವಿ. ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆಯ ಬುದ್ಧಿ ಸ್ಥಿಮಿತ ತಪ್ಪಿ, ಅವನ ಹೆಸರಲ್ಲಿ ಮಗ ಆಳಿದ ಕಾಲ ಅದು. 1811ರಿಂದ 1820ರವರೆಗೆ. ಅಷ್ಟರಲ್ಲೇ ಕಾದಂಬರಿಗಳಲ್ಲಿ ಸಾವಿರಾರು ಡ್ಯೂಕ್‌ಗಳು, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ ಶ್ರೀಮಂತರು, ಪ್ರೀತಿಯಲ್ಲಿ ಬಿದ್ದಿದ್ದಾರೆ. ನಿಜವಾದ ಡ್ಯೂಕ್‌ಗಳನ್ನೆಲ್ಲ ಸೇರಿಸಿದರೆ ಒಂದು ಬಸ್ಸೂ ತುಂಬುತ್ತಿರಲಿಲ್ಲ. ಇರಲಿ ಬಿಡಿ, ಡ್ಯೂಕ್ ಇಲ್ಲದಿದ್ದರೆ ನಾವ್ಯಾರೂ ಪುಸ್ತಕ ಮುಟ್ಟಲ್ಲ.

ಇಸವಿ ಸಿಕ್ಕ ಮೇಲೆ ವಯಸ್ಸು ಲೆಕ್ಕ ಹಾಕುತ್ತೇನೆ. ಈಚೆಗೆ ಓದಿದ ಕಾದಂಬರಿ ಅಲ್ಲೇ ಮುಗ್ಗರಿಸಿತು. ಕಥೆ ನಡೆಯುವುದು 1815ರಲ್ಲಿ, ನಾಯಕನಿಗೆ 28. ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿ, ಅಲ್ಲಿ ಸಿಕ್ಕ ದುಡ್ಡಿನಿಂದ ಮನೆತನದ ಸಾಲ ತೀರಿಸಿದನಂತೆ. ನಮ್ಮ ಕಡೆಯ ಊರಿನ ಹೆಸರು ಕಂಡರೆ ಸುಮ್ನೆ ಪುಟ ತಿರುಗಿಸೋಕಾಗುತ್ತಾ? ಕೋಟೆ ಬಿದ್ದದ್ದು 1799ರ ಮೇ 4ರಂದು. ಆಗ ಈ ವೀರನಿಗೆ ಸುಮಾರು 12! ಲೂಟಿಯನ್ನು ಸೈನ್ಯದಲ್ಲಿ ದರ್ಜೆ ನೋಡಿ ಹಂಚಿದರು. ಸಾಲ ತೀರುವಷ್ಟು ಪಾಲು ಬರಬೇಕಾದರೆ ದೊಡ್ಡ ಅಧಿಕಾರಿಯೇ ಆಗಿರಬೇಕಿತ್ತು. ದುಡ್ಡು ಕಳಕೊಂಡ ಊರಿನ ಗತಿ ಏನಾಯಿತು ಅಂತ ಒಂದು ಸಾಲೂ ಇಲ್ಲ. ಅದಂತೂ ನನಗೆ ವಯಸ್ಸಿನ ತಪ್ಪಿಗಿಂತ ಜಾಸ್ತಿ ಚುಚ್ಚಿತು.

ಎಲ್ಲ ತಪ್ಪನ್ನೂ ನಾನು ಒಂದೇ ತಕ್ಕಡಿಗೆ ಹಾಕುವುದಿಲ್ಲ. ನಾಯಕ ಒಂದು ಕಡೆ ಬೆಂಕಿಕಡ್ಡಿ ಗೀರಿ ಚುಟ್ಟಾ ಹಚ್ಚುತ್ತಾನೆ. ಗೀರುವ ಕಡ್ಡಿ ಅಂಗಡಿಗೆ ಬಂದದ್ದು 1820ರ ದಶಕದ ಕೊನೆಗೆ. ನಕ್ಕು ಮುಂದೆ ಹೋದೆ. ಕಡ್ಡಿಯಿಂದ ಕಥೆಗೆ ಏನೂ ಆಗಲ್ಲ.

ಮದುವೆಯ ಅಧ್ಯಾಯದಲ್ಲಿ ಮಾತ್ರ ತಡೆಯೋಕಾಗಲಿಲ್ಲ. ನಾಯಕಿಗೆ 19, ಅಪ್ಪ ಒಪ್ಪುತ್ತಿಲ್ಲ. ಹಳ್ಳಿಯ ಪಾದ್ರಿ ತನ್ನ ಮೇಜಿನ ಖಾನೆಯಿಂದ, ಯಾವಾಗ ಎಲ್ಲಿ ಬೇಕಾದರೂ ಮದುವೆಯಾಗಲು ಬಿಡುವ ವಿಶೇಷ ಪರವಾನಗಿ ತೆಗೆದುಕೊಡುತ್ತಾನೆ, ರಾತ್ರಿ ಊಟದೊಳಗೆ ಮದುವೆ ಮುಗಿದೇ ಹೋಗುತ್ತದೆ. ಆ ಪರವಾನಗಿ ಕೊಡುವ ಅಧಿಕಾರ ಇದ್ದದ್ದು ಇಂಗ್ಲೆಂಡ್ ಚರ್ಚಿನ ಅತಿ ಹಿರಿಯ ಪಾದ್ರಿಯಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್‌ಗೆ. 1753ರ ಮದುವೆ ಕಾಯ್ದೆಯ ಪ್ರಕಾರ, 21 ತುಂಬದವಳು ಪರವಾನಗಿ ಪಡೆದು ಮದುವೆಯಾಗಲು ಅಪ್ಪನ ಒಪ್ಪಿಗೆ ಬೇಕು. ಪರವಾನಗಿ ಬೇಡವೆಂದರೆ ಮೂರು ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ಸಾರಬೇಕು. ಅಪ್ಪ ಎದ್ದು ನಿಂತು ಕೂಡದು ಅಂದರೆ ಮುಗಿಯಿತು.

ಉಳಿದ ದಾರಿ ಸ್ಕಾಟ್ಲೆಂಡ್. ಆ ಕಾಯ್ದೆ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಲಂಡನ್‌ನಿಂದ ಗಡಿಯ ಗ್ರೆಟ್ನಾ ಗ್ರೀನ್‌ಗೆ 300 ಮೈಲಿಗೂ ಜಾಸ್ತಿ. ದಾರಿಯುದ್ದಕ್ಕೂ ಕುದುರೆ ಬದಲಿಸಬೇಕು, ಬಾಡಿಗೆ ಎಣಿಸಬೇಕು, ಹಿಂದೆ ಅಪ್ಪನ ಗಾಡಿ ಬರ್ತಿದೆಯಾ ಅಂತ ನೋಡಬೇಕು. ಮದುವೆಗೆ ಮುಂಚೆ ಸಿಕ್ಕಿಬಿದ್ದರೆ ಹುಡುಗಿಯ ಮಾನ ಹೋಯಿತು, ಹುಡುಗನಿಗೆ ಏನೂ ಆಗಲ್ಲ. ಆ ಗಾಡಿಯೊಳಗೆ ಅವರಿಬ್ಬರೂ ಏನು ಮಾತಾಡುತ್ತಿದ್ದರು? ಯಾರು ಮೊದಲು ರೇಗುತ್ತಿದ್ದರು? ನಾನು ಕಾಯುತ್ತಿದ್ದ ಕಥೆಯೇ ಅದು. ಲೇಖಕಿ ಅದನ್ನು ಪಾದ್ರಿಯ ಖಾನೆಗೆ ತುರುಕಿ ಕೈತೊಳೆದುಕೊಂಡಳು.

ದುಡ್ಡಿನ ವಿಷಯವೂ ಅಷ್ಟೇ. ಮದುವೆಯಾದ ಹೆಣ್ಣಿನ ಹಣ ಕಾನೂನಿನಂತೆ ಗಂಡನ ಕೈ ಸೇರುತ್ತಿತ್ತು. ಅದಕ್ಕೇ ಅನುಕೂಲಸ್ಥರ ಮನೆಯಲ್ಲಿ ಮದುವೆಗೆ ಮುಂಚೆ ವಕೀಲರು ಕೂತು ಒಪ್ಪಂದ ಬರೆಯುತ್ತಿದ್ದರು. ಕದ್ದು ಮದುವೆಯಾದವಳಿಗೆ ಆ ಕಾಗದ ಎಲ್ಲಿಂದ ಬರಬೇಕು? ವಿಚ್ಛೇದನ ಅಂದರೆ 1857ರವರೆಗೂ ಪಾರ್ಲಿಮೆಂಟಿನಲ್ಲಿ ಕಾಯ್ದೆ ಮಾಡಿಸಬೇಕಿತ್ತು. ನಮ್ಮ ನಾಯಕಿಯೋ, 'ನನ್ನ ಹಣ ನನ್ನದೇ' ಅನ್ನುತ್ತಾಳೆ, ಅವನು ಮುಗುಳ್ನಗುತ್ತಾನೆ. ಅವಳು ಎಷ್ಟು ದೊಡ್ಡ ಜೂಜಾಡುತ್ತಿದ್ದಾಳೆ ಅಂತ ಅವಳಿಗೂ ಗೊತ್ತಿಲ್ಲ, ಲೇಖಕಿಗೂ ಗೊತ್ತಿದ್ದಂತಿಲ್ಲ.

ಗೆಳತಿ ಕೇಳಿದಳು, 'ಇಷ್ಟೆಲ್ಲ ಯಾಕೇ? ಸುಮ್ನೆ ಓದಿ ಖುಷಿಪಡಬಾರದಾ?' ಖುಷಿಪಟ್ಟ ಜಾಗವೂ ಇದೆ ಕಣೇ ಅಂದೆ. ನಾಯಕಿಯ ಸೋದರತ್ತೆ ಪತ್ರ ಬರೆಯುವ ದೃಶ್ಯ ಅದು. ಆಗ ಅಂಚೆ ದುಡ್ಡನ್ನು ಸಾಮಾನ್ಯವಾಗಿ ಪತ್ರ ಪಡೆದವರೇ ಕೊಡಬೇಕು, ಹಾಳೆ ಎರಡಾದರೆ ದುಡ್ಡೂ ಎರಡರಷ್ಟು. ಪತ್ರ ಪಡೆಯುವ ತನ್ನ ತಮ್ಮ ಮಹಾ ಜಿಪುಣ ಅಂತ ಗೊತ್ತಿದ್ದ ಅತ್ತೆ, ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೇ ಮತ್ತೆ ಬರೆಯುತ್ತಾಳೆ. ಬೈಗುಳವೆಲ್ಲ ನೇರ ಸಾಲಲ್ಲಿ, ಅಕ್ಕರೆಯೆಲ್ಲ ಅಡ್ಡ ಸಾಲಲ್ಲಿ. ಇದೇ ಲೇಖಕಿಯ ಮುಂದಿನ ಪುಸ್ತಕ ಬಂದರೆ, ಅದರಲ್ಲಿ ಇಂಥ ಅತ್ತೆ ಇದ್ದಾಳಾ ಅಂತ ಯಾರನ್ನಾದರೂ ಕೇಳಿಯೇ ತಗೊಳ್ಳುತ್ತೇನೆ.