ರವಿವರ್ಮರು ಹುಟ್ಟಿದ ಮನೆ ನೋಡಲು ಹೊರಟವರಿಗೆ

ಕೇರಳದ ಕಿಳಿಮಾನೂರು ಅರಮನೆ ಮ್ಯೂಸಿಯಂ ಅಲ್ಲ, ಮನೆ. ಇದು ಮೊದಲು ತಲೆಯಲ್ಲಿರಲಿ. ರಾಜಾ ರವಿವರ್ಮರು 1848ರ ಏಪ್ರಿಲ್ 29ರಂದು ಹುಟ್ಟಿದ್ದು ಇಲ್ಲಿ. ಅವರ ಮನೆತನದವರೇ ಇದನ್ನು ಕಾಪಾಡಿಕೊಂಡು ಬಂದಿದ್ದಾರೆ. ಹಾಗಾಗಿ ಹೇಳದೆ ಕೇಳದೆ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ. ಮುಂಚೆಯೇ ಕೇಳಿ, ಅವರು ಬನ್ನಿ ಅಂದ ದಿನ ಹೋಗಿ.

ನಾನು ಮೈಸೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಾನು ಹೇಳುವುದು ಒಂದೇ: ಮೊದಲು ಚಿತ್ರ, ಆಮೇಲೆ ಮನೆ. ದೊಡ್ಡ ದೊಡ್ಡ ಕ್ಯಾನ್ವಾಸ್‌ಗಳೆಲ್ಲ ಅಲ್ಲೇ ಇರುತ್ತವೆ ಅಂದುಕೊಂಡು ಹೋದರೆ ನಿರಾಸೆಯಾಗುತ್ತೆ. ಅವು ಬರೋಡಾ, ತಿರುವನಂತಪುರ, ನಮ್ಮ ಜಗನ್ಮೋಹನ ಅರಮನೆ ಅಂತ ಹಂಚಿಹೋಗಿವೆ. ತಿರುವನಂತಪುರದ ಮ್ಯೂಸಿಯಂ ಕಾಂಪೌಂಡಿನಲ್ಲಿರುವ ಗ್ಯಾಲರಿಗೆ ಒಂದು ಬೆಳಗ್ಗೆ ಇಡಿ. ಸೋಮವಾರ ರಜೆ, ಅದನ್ನು ನೋಡಿಕೊಂಡು ಹೊರಡಿ.

ಅಲ್ಲಿಂದ ಕಿಳಿಮಾನೂರು ಸುಮಾರು 40 ಕಿ.ಮೀ. ತಂಬಾನೂರು ಸ್ಟ್ಯಾಂಡಿನಲ್ಲಿ ಎಂ.ಸಿ. ರಸ್ತೆ ಮೇಲೆ ಕೊಟ್ಟಾರಕ್ಕರ ಕಡೆ ಹೋಗುವ ಬಸ್ ಹತ್ತಿ. ಮಳೆಗಾಲ ಬೇಡ. ಆ ಕಡೆ ಜೂನ್‌ನಲ್ಲಿ ಶುರುವಾಗುವ ಮಳೆ ಸಾಲದು ಅಂತ ಅಕ್ಟೋಬರ್-ನವೆಂಬರ್‌ನಲ್ಲಿ ಇನ್ನೊಂದು ಸುತ್ತು ಬರುತ್ತೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಒಳಗೆ ಹೋದ ಮೇಲೆ ಅವಸರ ಮಾಡಬೇಡಿ. ಈ ಮನೆಯ ಗೋಡೆಗಳ ಮೇಲೆ ಹುಡುಗ ರವಿವರ್ಮ ಇದ್ದಿಲಿನಲ್ಲಿ ಚಿತ್ರ ಬರೆಯುತ್ತಿದ್ದನಂತೆ. ಬೈಯುವ ಬದಲು ಸೋದರಮಾವ ರಾಜರಾಜವರ್ಮ ಅವನನ್ನು ಕೂರಿಸಿಕೊಂಡು ಕಲಿಸಿದರು. ಹದಿನಾಲ್ಕರ ವಯಸ್ಸಿಗೆ ತಿರುವಾಂಕೂರು ಮಹಾರಾಜರ ಆಸ್ಥಾನಕ್ಕೆ ಕರೆದುಕೊಂಡು ಹೋದವರೂ ಅವರೇ. ಇದನ್ನು ಮಕ್ಕಳಿಗೆ ಗೋಡೆಯ ಮುಂದೆಯೇ ನಿಲ್ಲಿಸಿ ಹೇಳಿ. ಪಾಠದ ಕೋಣೆಯಲ್ಲಿ ನೂರು ಸಲ ಹೇಳಿದರೂ ಅಷ್ಟು ನಾಟುವುದಿಲ್ಲ.

ರವಿವರ್ಮರು ಚಿತ್ರ ಬರೆಯುತ್ತಿದ್ದ ಚಿತ್ರಶಾಲೆಗೆ ಜಾಸ್ತಿ ಹೊತ್ತು ಕೊಡಿ. ಫೋಟೋ ತೆಗೆಯುವ ಮೊದಲು ಸುಮ್ನೆ ನಿಂತು ಬೆಳಕು ಎಲ್ಲಿಂದ ಬರುತ್ತಿದೆ ನೋಡಿ. ಹಿಂದಿನ ದಿನ ಗ್ಯಾಲರಿಯಲ್ಲಿ ನೋಡಿದ ಮುಖಗಳನ್ನು ನೆನಪು ಮಾಡಿಕೊಳ್ಳಿ: ಕೆನ್ನೆಯ ಒಂದು ಬದಿ ಬೆಳಕು, ಇನ್ನೊಂದು ಬದಿ ಮೆಲ್ಲಗೆ ನೆರಳಿಗೆ ಜಾರುತ್ತೆ, ಅಲ್ವಾ? ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ಅಂಗಳದಲ್ಲಿ ಕೂರಿಸಿ. ನೀರು ಬಣ್ಣ ಬೇಡ, ನೆಲ ಕಲೆಯಾಗುತ್ತೆ. ಗೋಡೆಗೆ ಒರಗಬಾರದು, ಸುಣ್ಣದ ಗಾರೆಯನ್ನು ಉಗುರಿನಿಂದ ಕೆರೆಯಬಾರದು. ಇದನ್ನು ಬಸ್ಸಿನಲ್ಲೇ ಹೇಳಿಬಿಡಿ.

ಆಮೇಲೆ ತಲೆ ಎತ್ತಿ ಮಾಡನ್ನು, ಅಂದರೆ ಹಂಚಿನ ಚಾವಣಿಯನ್ನು, ನೋಡಿ. ಹಂಚು-ಮರದ ಮನೆಯ ಆಯಸ್ಸು ಇರುವುದು ಅಲ್ಲಿ. ನಮ್ಮ ಮಲೆನಾಡಿನಲ್ಲಿ ಹಳೇ ಮನೆ ಇಟ್ಟುಕೊಂಡವರಿಗೆ ಇದು ಗೊತ್ತು. ಒಂದು ಹಂಚು ಒಡೆದರೆ ನೀರು ಅದರ ಕೆಳಗಿನ ಮರದ ಪಟ್ಟಿಗೆ, ಅಂದರೆ ರೀಪಿಗೆ ಇಳಿಯುತ್ತೆ, ರೀಪು ಕೊಳೆತರೆ ಗೆದ್ದಲು ಬರುತ್ತೆ, ಗೆದ್ದಲು ತೊಲೆ ಮುಟ್ಟಿದರೆ ಖರ್ಚು ಕೈ ಮೀರುತ್ತೆ. ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗಾರೆ ಉದುರುತ್ತೆ. ಪ್ರತಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಬೇಕು. ಇಷ್ಟು ದೊಡ್ಡ ಮನೆಗೆ ಒಂದು ಕುಟುಂಬ ಅದನ್ನು ಮಾಡಿಸುವುದು ಹುಡುಗಾಟವಲ್ಲ. ಸರ್ಕಾರವೂ ಚಿತ್ರ ಪ್ರೀತಿಸುವ ನಾವೂ ಇದರಲ್ಲಿ ಕೈ ಜೋಡಿಸಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರವಿವರ್ಮರ ಚಿತ್ರಗಳನ್ನು ದೇಶದಿಂದ ಹೊರಗೆ ಮಾರದಂತೆ ಕಾನೂನು ಕಾಯುತ್ತದೆ. ಚಿತ್ರಕಾರನನ್ನು ಬೆಳೆಸಿದ ಮನೆಗೂ ಅಷ್ಟೇ ಕಾಳಜಿ ಸಲ್ಲಬೇಕು.

ನಿಮ್ಮಿಂದ ಆಗುವುದೂ ಇದೆ. ಮಾಡು, ಬಾಗಿಲು, ಕಂಬಗಳ ಫೋಟೋಗೆ ಅನುಮತಿ ಕೇಳಿ. ಕೊಟ್ಟರೆ ತಾರೀಖು ಬರೆದು ಒಂದು ಪ್ರತಿ ಮನೆಯವರಿಗೂ ಕಳಿಸಿ. ಐದು ವರ್ಷದ ನಂತರ ಬಿರುಕು ಎಷ್ಟು ಬೆಳೆದಿದೆ ಅಂತ ಹೋಲಿಸಲು ಅವೇ ಬೇಕಾಗುತ್ತವೆ. ದುರಸ್ತಿಗೆ ಹಣ ಕೊಡಬೇಕೆನಿಸಿದರೆ ಮನೆಯ ಹಿರಿಯರನ್ನೇ ಕೇಳಿ, ಅವರು ಹೇಳಿದ ಹಾಗೆ ಕೊಡಿ.