ಸೋಯಾ ತಳಿ ಪರೀಕ್ಷೆ: ಎಲ್ಲವನ್ನೂ ಒಂದೇ ದಿನ ಕೊಯ್ಯಬೇಡಿ

ಸವನ್ನಾ, ಅಂದರೆ ಉಷ್ಣವಲಯದ ಹುಲ್ಲುಗಾವಲು ನಾಡು, ಎಂದರೆ ಒಂದು ಮಳೆಗಾಲ, ಆಮೇಲೆ ಉದ್ದನೆಯ ಒಣಗಾಲ. ಹಾಗಾಗಿ ಯಾವುದೇ ಸೋಯಾ ತಳಿ ಕೈಗೆ ಬಂದರೂ ನಾನು ಮೊದಲು ಕೇಳುವುದು, ಇದು ಎಷ್ಟು ದಿನಕ್ಕೆ ಮಾಗುತ್ತದೆ ಎಂದು. ಇಳುವರಿಯ ಮಾತು ಆಮೇಲೆ. ಸೋಯಾ ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ. ತಂಪು ನಾಡಿನ ತಳಿಯನ್ನು ಸಮಭಾಜಕದ ಹತ್ತಿರ ಬಿತ್ತಿದರೆ ಗಿಡ ಬೆಳೆಯುವ ಮೊದಲೇ ಹೂ ಬಿಟ್ಟು ಕುಳ್ಳಾಗಿಯೇ ಉಳಿಯುತ್ತದೆ. ಬ್ರೆಜಿಲ್‌ನ ಸವನ್ನಾ ಪ್ರದೇಶವಾದ ಸೆರಾಡೊದಲ್ಲಿ ಸೋಯಾ ನೆಲೆಯೂರಿದ್ದರಲ್ಲಿ ಹುಳಿ ಮಣ್ಣಿಗೆ ಹಾಕಿದ ಸುಣ್ಣದಷ್ಟೇ ಪಾಲು ತಡವಾಗಿ ಹೂ ಬಿಡುವ ತಳಿಗಳದ್ದೂ ಇದೆ.

ಬಿತ್ತುವ ಮುಂಚೆ ಪ್ರತಿ ತಳಿಯ 100 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ. ಸೋಯಾ ಬೀಜ ಸೆಖೆಯಲ್ಲಿ ಬೇಗ ಕೆಡುತ್ತದೆ. ಮೊಳಕೆ ಕಡಿಮೆ ಇದ್ದರೆ ಬೀಜ ಜಾಸ್ತಿ ಹಾಕಿ, ಆಮೇಲೆ ಹೆಚ್ಚಾದ ಸಸಿ ಕಿತ್ತು ಎಲ್ಲ ತಳಿಗೂ ಸಮನಾಗಿ ಉಳಿಸಿ. ಇಲ್ಲದಿದ್ದರೆ ನೀವು ಅಳೆಯುವುದು ತಳಿಯನ್ನಲ್ಲ, ಹಳೇ ಬೀಜವನ್ನು.

ತಳಿಗೆ 5 ಮೀಟರ್ ಉದ್ದದ 4 ಸಾಲು, ನಡುವೆ 50 ಸೆಂ.ಮೀ. ಜಾಗ. ಹೊಲವನ್ನು 3 ಬ್ಲಾಕ್ (ಭಾಗ) ಮಾಡಿ, ಪ್ರತಿ ಬ್ಲಾಕಿನಲ್ಲೂ ಎಲ್ಲ ತಳಿಗಳನ್ನು ಚೀಟಿ ಎತ್ತಿ ಹಂಚಿ. ಅಲ್ಲಿನ ರೈತರು ಈಗ ಬೆಳೆಯುವ ತಳಿ ಖಂಡಿತ ಇರಬೇಕು. ಅದಿಲ್ಲದೆ ಹೋಲಿಸುವುದು ಯಾವುದಕ್ಕೆ, ಅಲ್ವಾ? ರಂಜಕ ಎಲ್ಲಕ್ಕೂ ಒಂದೇ ಪ್ರಮಾಣದಲ್ಲಿ ಹಾಕಿ. ಹೂ ಬಿಟ್ಟಾಗ ಸಾಲಿನ ತುದಿಯ ಕೆಲವು ಗಿಡ ಅಗೆದು ಬೇರುಗಂಟು ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಅದು ಸಾರಜನಕ ಕಟ್ಟುತ್ತಿದೆ.

ತೀರ್ಪು ಕೆಡುವುದು ಹೆಚ್ಚಾಗಿ ಕೊಯ್ಲಿನಲ್ಲಿ. ಕೂಲಿ ಉಳಿಯಲಿ ಎಂದು ಕೊನೆಯ ತಳಿ ಮಾಗುವವರೆಗೆ ಕಾಯುತ್ತಾರೆ. ಅಷ್ಟರಲ್ಲಿ ಬೇಗ ಮಾಗಿದ್ದರ ಕಾಯಿ ಒಣಗಾಳಿಗೆ ಸಿಡಿದು ಕಾಳು ನೆಲದ ಪಾಲು. ಚೀಲ ತೂಗಿದಾಗ ತಡದ ತಳಿಯೇ ಗೆಲ್ಲುತ್ತದೆ. ಇದು ನ್ಯಾಯವಲ್ಲ. ದಿನ ಬಿಟ್ಟು ದಿನ ಹೊಲ ಸುತ್ತಿ, 100ರಲ್ಲಿ 95 ಕಾಯಿ ಮಾಗಿದ ಬಣ್ಣಕ್ಕೆ ತಿರುಗಿದ ದಿನಾಂಕ ಬರೆದಿಡಿ. ಕಾಯಿ ಒಣಗಿದ ಕೂಡಲೇ ಆ ತಳಿಯನ್ನು ಮಾತ್ರ ಕೊಯ್ಯಿರಿ. ಅಂಚಿನ ಸಾಲುಗಳನ್ನು ಮಾತ್ರ ಇನ್ನೆರಡು ವಾರ ಸುಮ್ನೆ ನಿಲ್ಲಿಸಿ, ಎಷ್ಟು ಕಾಯಿ ಸಿಡಿಯಿತು ಎಂದು ಎಣಿಸಿ. ಕೊಯ್ಲಿಗೆ ಕೈ ಸಾಲದ ರೈತನಿಗೆ ಈ ಅಂಕಿ ಇಳುವರಿಯಷ್ಟೇ ಮುಖ್ಯ.

ತೂಕಕ್ಕೆ ನಡುವಿನ 2 ಸಾಲು ಸಾಕು, ಎರಡೂ ತುದಿಯಲ್ಲಿ ಅರ್ಧ ಮೀಟರ್ ಬಿಡಿ. ಅಲ್ಲಿಗೆ 4 ಚದರ ಮೀಟರ್. ಕಾಳು 0.9 ಕೆಜಿ, ತೇವಾಂಶ 16% ಇದೆ ಎನ್ನಿ. ಅದನ್ನು 84ರಿಂದ (100ರಲ್ಲಿ 16 ಕಳೆದು) ಗುಣಿಸಿ 87ರಿಂದ (100ರಲ್ಲಿ 13 ಕಳೆದು) ಭಾಗಿಸಿದರೆ 13% ತೇವಾಂಶದ ತೂಕ, 0.87 ಕೆಜಿ. ಅಂದರೆ ಹೆಕ್ಟೇರಿಗೆ ಸುಮಾರು 2,170 ಕೆಜಿ.

ಕನಿಷ್ಠ 2 ಮಳೆಗಾಲ, ಬೇರೆ ಬೇರೆ ಮಣ್ಣಿನಲ್ಲಿ ಇದನ್ನೇ ಮಾಡಿ. ಮಳೆ ಬೇಗ ನಿಂತ ವರ್ಷದ ಅಂಕಿಯನ್ನು ಸರಾಸರಿಯಲ್ಲಿ ಮುಳುಗಿಸದೆ ಬೇರೆಯಾಗಿಯೇ ತೋರಿಸಿ.