22 ಸೆಂಟ್ ಎಲ್ಲಿ ಮುಚ್ಚಿಡೋದು: ಹಾರ್ಮೋನಿಯಂ ಪೆಟ್ಟಿಗೆ ನಾನಽ ಕಟ್ಟಿದ ಸ್ಕೇಲು, ಇಟ್ಟ ಹೆಸರು

ಬೆಳಗಾವ್ಯಾಗ ಹಾರ್ಮೋನಿಯಂಗೇನು ಬರ ಇಲ್ರಿ, ರಾಮಭಾವು ವಿಜಾಪುರೆ ಅವರಂಥವರು ಬಾರಿಸಿ, ಕಲಿಸಿ ಹೋದ ಊರು, ಯಾವ ಭಜನಿ ಮಂಡಳಿಗೆ ಹೋದ್ರೂ ಒಂದು ಪೆಟ್ಟಿ ಇರೋದಽ. ಆದ್ರ ಅಂಗಡಿಂದ ಬರೋ ಪೆಟ್ಟಿ ಎಲ್ಲಾ ಈಕ್ವಲ್ ಟೆಂಪರಮೆಂಟ್, ಸಪ್ತಕದ 1200 ಸೆಂಟ್ (ಸುರದ ಅಂತರ ಅಳಿಯೋ ಚೂರು) ತಗೊಂಡು 12 ಪಾಲು ಮಾಡಿ ನೂರು ನೂರು ಹಂಚಿಬಿಟ್ಟಿರ್ತಾರ. ಪಂಚಮ ಇದರಾಗ ಬಚಾವ್, ಎರಡೇ ಸೆಂಟ್ ಕಮ್ಮಿ. ಗಾಂಧಾರದ್ದಽ ಗೋಳು. ಸಾ 240 ಹರ್ಟ್ಜ್ ಹಿಡೀರಿ, ಸಾದ 5/4 ಪಟ್ಟಿನ ಶುದ್ಧ ಲೆಕ್ಕದ ಗ 300 ಬರಬೇಕು, ಪೆಟ್ಟಿ ಕೊಡೋದು 302.4. ಸಾದ ಐದನೇ ಹಾರ್ಮೋನಿಕ್, ಅಂದ್ರ ಸುರದ ಒಳಗಽ ಮೊಳಗೋ ಐದು ಪಟ್ಟಿನ ಸುರ, 1200, ಈ ಗದ ನಾಕನೇದು 1209.5, ಎರಡೂ ಗುದ್ದಾಡಿ ಸೆಕೆಂಡಿಗೆ ಒಂಬತ್ತು-ಹತ್ತು ಸಲ ಗರಗರ ಅಂತಾವ. 1940ರಾಗ ಆಕಾಶವಾಣಿ ಪೆಟ್ಟಿನ್ನ ಹೊರಗ ಹಾಕಿದ್ದು ನನಗ ಸರಿ ಅನ್ಸಲ್ಲ, ಆದ್ರ ಪೆಟ್ಟಿ ಸುರ ನಮ್ಮ ಸಂಗೀತಕ್ಕ ಹೊಂದಂಗಿಲ್ಲ ಅನ್ನೋ ದೂರು ಪೂರ್ತಿ ಸುಳ್ಳೂ ಅಲ್ಲ.

ಗ ಒಂದನ್ನ 400ರಿಂದ 386ಕ್ಕ, ಅಂದ್ರ 5/4ರ ಜಾಗಾಕ್ಕ, ಇಳಿಸಿದ್ರ ಕೆಲಸ ಮುಗೀತು ಅನ್ನೋರು ಭೂಪ ರಾಗ ಬಾರಿಸಿ ನೋಡ್ರಿ. ಸಾ 0, ರಿ 204, ಗ 386, ಪ 702, ಧ 884. ಒಂದೊಂದು ಸುರಾನ್ನೂ ಸಾ ಜೋಡಿ ಕೇಳಿದ್ರ ಬಂಗಾರ. ರಿ ಮತ್ತ ಧ ಜೋಡಿ ಒತ್ತಿದ್ರ ಮಾತ್ರ ಪಂಚಮದ ಅಂತರ 702 ಇರಬೇಕಾದಲ್ಲಿ 680 ಅದ, ಬರೋಬ್ಬರಿ 22 ಸೆಂಟ್ ಖೋತಾ. ಇದಕ್ಕ ಸಿಂಟಾನಿಕ್ ಕಾಮಾ ಅಂತಾರ, ಅನುಪಾತ 81/80. ರಿ ಇಳಿಸಿ ರಿ-ಧ ಸರಿ ಮಾಡಿದ್ರ ರಿ-ಪ ಕೆಡ್ತದ, ಧ ಏರಿಸಿದ್ರ ಗ-ಧ ಕೆಡ್ತದ. ಕಾಮಾ ಹೋಗೋದಿಲ್ಲ, ಜಾಗಾ ಬದಲಿ ಮಾಡ್ತದ ಅಷ್ಟಽ. ಹಂಗಾಗಿ ಸ್ಕೇಲ್ ಕಟ್ಟೋದಂದ್ರ ಈ ಕಾಮಾನ್ನ ಯಾರ ಮನ್ಯಾಗ ಇಡೋದು ಅಂತ ತೀರ್ಮಾನ ಮಾಡೋದು, ಉಳಿದದ್ದು ಬರೇ ಕೂಡು-ಕಳಿ ಲೆಕ್ಕ.

ಕರಡು ತೆಗಿಯಾಕ ನಾ ಸಪ್ತಕಾನ್ನ 53 ಸಮಪಾಲು ಮಾಡಿ ಬರಕೋತೀನಿ. ಅಲ್ಲಿ ಒಂದು ಮೆಟ್ಟಿಲು 22.6 ಸೆಂಟ್, ಹೆಚ್ಚುಕಮ್ಮಿ ಒಂದು ಕಾಮಾ, ಹಿಂಗಾಗಿ ತಪ್ಪು ಎಲ್ಲಿ ಕುಂತದ ಅಂತ ಕಣ್ಣಿಗೇ ಕಾಣಸ್ತದ. ರಿ 9, ಗ 17, ಪ 31, ಧ 39, ಪಂಚಮದ ಅಂತರ 31 ಇರಬೇಕು, ರಿ-ಧ ನೋಡಿದ್ರ 30. 22 ಶ್ರುತಿ (ಹಳೇ ಗ್ರಂಥಗಳು ಹೇಳೋ ಸಪ್ತಕದ ಸಣ್ಣ ಮೆಟ್ಟಿಲು) ಅಂದ ಕೂಡ್ಲೆ ಸಪ್ತಕಾನ್ನ 22 ಸಮಪಾಲು ಮಾಡೋರೂ ಅದಾರ, ಅದರಾಗ ಪಂಚಮ 709ಕ್ಕ ಹೋಗ್ತದ, ತಂಬೂರಿ ಮುಂದ ಒಂದು ನಿಮಿಷ ತಾಳಲಿಕ್ಕಾಗಂಗಿಲ್ಲ.

ಭೂಪದಾಗ ವಾದಿ, ಅಂದ್ರ ಮುಖ್ಯ ಸುರ, ಗ, ಅದರ ಜೋಡಿ ಸಂವಾದಿ ಧ, ಅವೆರಡನ್ನ ಮುಟ್ಟೋ ಹಂಗಿಲ್ಲ. ರಿ ಮ್ಯಾಲ ಯಾರೂ ಭಾಳ ಹೊತ್ತು ನಿಂದ್ರಂಗಿಲ್ಲ, ಅದಕ್ಕ ಕಾಮಾನ್ನ ಅರ್ಧ ಮಾಡಿ ರಿ ಹೆಗಲಿಗೇ ಹಾಕಿದೆ, 204ರಿಂದ 193ಕ್ಕ ತಂದೆ. ಸಾ 240 ಹಿಡಿದ ಲೆಕ್ಕದಾಗ ಮದಲ ರಿ-ಧ ಒತ್ತಿದ್ರ ಸೆಕೆಂಡಿಗೆ ಹತ್ತು ಬಡಿತ ಬರ್ತಿದ್ವು, ಈಗ ಐದು. ಬದಲಿಗೆ ಸುಮ್ಮನಿದ್ದ ರಿ-ಪ ಏಳರ ಹತ್ರ ಬಡಿಯಾಕ ಹತ್ತೇದ, ನಡೀತದ ಬಿಡ್ರಿ.

ಇಷ್ಟೆಲ್ಲಾ ಮದಲ ಲ್ಯಾಪ್‌ಟಾಪ್‌ನ್ಯಾಗ ಕೇಳೋದು, ಆಮ್ಯಾಲ ಕಾನಸ ಕೈಯಾಗ ಹಿಡಿಯೋದು, ಯಾಕಂದ್ರ ಹಿತ್ತಾಳಿ ಕೆರೆದ್ರ ವಾಪಸ್ ಬರಂಗಿಲ್ಲ. ಸ್ಕೇಲಿನ ಲೆಕ್ಕಾನ್ನ ಸಾಫ್ಟ್‌ವೇರಿಗೆ ಹೇಳೋ ಸ್ಕಾಲಾ ಫೈಲ್ ಬರೆಯೋದು ಸಸಾರ: ಒಂದು ಸಾಲು ವಿವರಣೆ, ಆಮ್ಯಾಲ ಎಷ್ಟು ಸುರ ಅನ್ನೋ ಸಂಖ್ಯೆ, ಅದರ ಕೆಳಗ ಸಾಲಿಗೊಂದು ಸುರ. ಚುಕ್ಕಿ ಇದ್ರ ಸೆಂಟ್, ಗೀಟಿದ್ರ ಅನುಪಾತ, ಸಾ ಬರಿಯಂಗಿಲ್ಲ, ಕಡೀಕ 2/1. ಸರ್ಜ್ ಎಕ್ಸ್‌ಟಿ ಅನ್ನೋ ಫುಕಟ್ ಸಿಂಥ್‌ನ್ಯಾಗ ಲೋಡ್ ಮಾಡಿ ತಂಬೂರಿ ಹಚ್ಚಿ ಕೇಳ್ತೀನಿ. ಹಿಡಿಸಿದ್ರ ರೀಡ್ ಕೆಲಸ: ನಾಲಿಗಿ ಕೆಳಗ ತೆಳ್ಳನ್ನ ತಗಡು ತೂರಿಸಿ, ತುದಿ ಕೆರೆದ್ರ ಸುರ ಏರ್ತದ, ಬುಡ ಕೆರೆದ್ರ ಇಳೀತದ. ಗ 14 ಸೆಂಟ್ ಇಳಿಸಬೇಕಲ್ಲ, ಬುಡಾನಽ. ಕೆರೆದ ಮ್ಯಾಲ ರೀಡ್ ತಣ್ಣಗಾಗಲಿಕ್ಕೆ ಬಿಟ್ಟು, ಪೆಟ್ಟ್ಯಾಗ ಕುಂದ್ರಿಸಿ, ತಿದಿ ಒಂದೇ ಜೋರಿನ್ಯಾಗ ಒತ್ತಿ ನೋಡಬೇಕು, ಕೈಯಾಗ ಹಿಡಕೊಂಡು ಊದಿ ನೋಡಿದ್ದು ಲೆಕ್ಕಕ್ಕ ಬರಂಗಿಲ್ಲ.

ಇನ್ನ ಹೆಸರು. ಶಾರ್ಙ್ಗದೇವನ ಸಂಗೀತ ರತ್ನಾಕರದಾಗ 22 ಶ್ರುತಿಗೂ ಹೆಸರದಾವ, ತೀವ್ರಾ, ಕುಮುದ್ವತೀ, ಮಂದಾ, ಛಂದೋವತೀ ಅಂತ, ಗಾಂಧಾರದ ಪಾಲಿಗೆ ಬಂದವು ರೌದ್ರೀ, ಕ್ರೋಧಾ, ಚಂದ ಅದಾವ, ಆದ್ರ ಅವು ಒಂದೊಂದು ಶ್ರುತಿ ಹೆಸರು, ಇಡೀ ಸ್ಕೇಲಿಂದಲ್ಲ. ಹೊರದೇಶದ ಮಂದಿ ಟೆಂಪರಮೆಂಟಿಗೆ ಪಾರ್ಕುಪೈನ್ ಅಂತನೂ ಹೆಸರು ಇಟ್ಟಾರ, 84 ಪಾಲಿನ್ಯಾಗ 19 ಮೆಟ್ಟಿಲು ಜಿಗಿಯೋದಕ್ಕ ‘1984’ ಕಾದಂಬರಿ ನೆನಪಾಗಿ ಅದನ್ನ ಬರೆದ ಆರ್ವೆಲ್ ಹೆಸರು ಇಟ್ಟಾರ. ಹಂಗಾದ್ರ ನಾವ್ಯಾಕ ಬಿಡಬೇಕು! ರಿ ಅರ್ಧ ಇಳಿಸಿದ್ದಕ್ಕ ‘ಕುಂದಾ’ ಅಂತ ಇಟ್ಟೆ. ಪಂಚಮ ಎಲ್ಲಾ ಶುದ್ಧ ಇಟ್ಟು ಗ 408, ಧ 906ಕ್ಕ ಏರಿಸಿದ್ದು ‘ಖಡಕ್’, ಭೂಪದ್ದಽ ಐದು ಸುರ ಇರೋ ದೇಶಕಾರ ರಾಗಕ್ಕ ನನಗ ಇದಽ ಹಿಡಸ್ತದ. ಆದ್ರ ವಿವರಣೆ ಸಾಲಿನ್ಯಾಗ ಕಾಮಾ ಎಲ್ಲದ, ಸಾ ಪೆಟ್ಟಿಯ ಯಾವ ಮನಿ (ಕೀ) ಅನ್ನೋದು ಬರದಽ ಬರೀತೀನಿ, ‘ಕುಂದಾ, ರಿ-ಧ ಅರ್ಧ, ರಿ-ಪ ಅರ್ಧ, ಸಾ ಕಪ್ಪು ಒಂದು’ ಅಂತ. ಬರೇ ಕುಂದಾ ಅಂದ್ರ ಆರು ತಿಂಗಳಾದ ಮ್ಯಾಲ ನನಗಽ ತಿಳಿಯಂಗಿಲ್ಲ.

ಸಾ ಬರಿಯೋದು ಯಾಕಂದ್ರ ಈ ಪೆಟ್ಟಿ ಒಂದೇ ಸಾಕ್ಕ ಕಟ್ಟಿ ಹಾಕಿದ್ದು. ಹೆಣ್ಣಮಕ್ಕಳು ಕಪ್ಪು ಐದರಿಂದ ಹಾಡ್ತೀವಿ ಅಂದ್ರ ಬ್ಯಾರೆ ಪೆಟ್ಟಿ ತರಬೇಕು. ಸ್ಕೇಲ್ ಚೇಂಜರ್ ಇದ್ರೂ ಉಪಯೋಗ ಇಲ್ಲ, ಕೀಬೋರ್ಡ್ ಅಷ್ಟಽ ಸರೀತದ, ರೀಡ್ ಇದ್ದಲ್ಲೇ ಇರ್ತಾವ. ಈಗ ಮಾರವಾ ರಾಗ ಹಿಡಿದೀನಿ. ಕೋಮಲ ರಿ 112 ಇಡು ಅಂತದ ಲೆಕ್ಕ, ನಮ್ಮ ಹಾಡೋ ಗೆಳೆಯಾ 90ಕ್ಕಿಂತ ಮ್ಯಾಲ ಬರಾಕ ತಯಾರಿಲ್ಲ, ಅದಕ್ಕ ಫೈಲಿನ ಹೆಸರು ಸದ್ಯಕ್ಕ ‘ಜಗಳ’.